ಮನೇಲೇ ಜೋಡಿಸೋ ಕಂಪ್ಯೂಟರ್: ದುಡ್ಡು ಎಲ್ಲಿ ಹಾಕ್ಬೇಕು, ಎಲ್ಲಿ ಉಳಿಸ್ಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಮನೇಲೇ ಕೂತು ಡೆಸ್ಕ್‌ಟಾಪ್ ಜೋಡಿಸ್ಬೇಕು, ಕೈಯಲ್ಲಿರೋ ದುಡ್ಡು ಕಮ್ಮಿ, ಯಾವ ಪಾರ್ಟ್ ತಗೊಳ್ಳೋದು ಅಂತ ಕೇಳಿ ಬಂದ ಪತ್ರಗಳು ಸುಮಾರು ಸೇರ್ಕೊಂಡಿದ್ವು, ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಬಿಟ್ಟಿದೀನಿ. ಒಂದೊಂದು ಪಾರ್ಟಿಗೂ ಇಷ್ಟು ರೂಪಾಯಿ ಅಂತ ಬರೆದಿಲ್ಲ, ಯಾಕಂದ್ರೆ ರ‍್ಯಾಮ್ ರೇಟು ಈಗ ಒಂದು ಕಡೆ ನಿಲ್ತಾ ಇಲ್ಲ, ನಾನು ಬರೆದಿದ್ದು ನಿಮ್ಮ ಕೈಗೆ ಬರೋ ಹೊತ್ತಿಗೆ ಹಳೇದಾಗಿರುತ್ತೆ.

ಪ್ರಶ್ನೆ: ಸರ್, ಮಗಳು ಬಿಸಿಎ ಸೇರಿದಾಳೆ. ಲ್ಯಾಪ್‌ಟಾಪ್ ಬೇಡಪ್ಪ, ಪಾರ್ಟ್ಸ್ ತಂದು ನಾನೇ ಜೋಡಿಸ್ತೀನಿ ಅಂತಿದಾಳೆ. ಮಾನಿಟರ್ ಸೇರಿ 40 ಸಾವಿರ ಹೊಂದಿಸಬಲ್ಲೆ. ಅಂಗಡಿಯವರು ಐ5-12400ಎಫ್ ಪ್ರೊಸೆಸರ್, 8 ಜಿಬಿ ರ‍್ಯಾಮ್, ಜಿಟಿ 730 ಅನ್ನೋ 4 ಜಿಬಿ ಗ್ರಾಫಿಕ್ಸ್ ಕಾರ್ಡ್, 256 ಜಿಬಿ ಎಸ್‌ಎಸ್‌ಡಿ, ಕ್ಯಾಬಿನೆಟ್ ಜೊತೆಗೇ ಬರೋ, ಪಾರ್ಟಿಗೆಲ್ಲ ಕರೆಂಟ್ ಕೊಡೋ ಎಸ್‌ಎಂಪಿಎಸ್ ಅಂತ ಬರ್ಕೊಟ್ಟಿದಾರೆ. ಇದು ಸರಿ ಇದೆಯಾ?
– ಒಬ್ಬ ತಂದೆ, ತಿಪಟೂರು

ಉತ್ತರ: ಪ್ರೊಸೆಸರ್ ಒಳ್ಳೇದೇ ಆದ್ರೆ ಪಟ್ಟಿ ಸರಿ ಇಲ್ಲ, ಮೊದಲು ಆ ಹೆಸರಿನ ಕೊನೇಲಿರೋ ‘ಎಫ್’ ಅಕ್ಷರ ನೋಡಿ. ಇಂಟೆಲ್‌ನಲ್ಲಿ ಎಫ್ ಅಂತ ಇದ್ರೆ ಆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇರಲ್ಲ, ಅಂದ್ರೆ ಬೇರೆ ಕಾರ್ಡ್ ಹಾಕದೇ ಇದ್ರೆ ಮಾನಿಟರ್ ಮೇಲೆ ಏನೂ ಕಾಣಲ್ಲ, ಅದಕ್ಕೇ ಅವರು ಪಟ್ಟಿಗೆ ಜಿಟಿ 730 ಸೇರಿಸಿರೋದು. ಈ ಕಾರ್ಡ್ ಬಂದಿದ್ದು 2014ರಲ್ಲಿ. ಡಬ್ಬದ ಮೇಲೆ 4 ಜಿಬಿ ಅಂತ ದೊಡ್ಡದಾಗಿ ಬರೆದಿರುತ್ತೆ, ನೋಡಿದವರಿಗೆ ಏನೋ ದೊಡ್ಡ ಕಾರ್ಡ್ ಅನ್ಸುತ್ತೆ, ಆದ್ರೆ ಇವತ್ತು ಪ್ರೊಸೆಸರ್ ಒಳಗೇ ಬರೋ ಗ್ರಾಫಿಕ್ಸ್ ಎಷ್ಟೋ ಕಡೆ ಅದಕ್ಕಿಂತ ಚೆನ್ನಾಗಿದೆ. ಕಾರ್ಡಿನ ಮೇಲೆ ಎಷ್ಟು ಜಿಬಿ ಅನ್ನೋದರಿಂದ ಅದರ ಶಕ್ತಿ ಗೊತ್ತಾಗಲ್ಲ, ಒಳಗಿರೋ ಚಿಪ್ ಯಾವುದು ಅಂತ ನೋಡ್ಬೇಕು. ಆ ಕಾರ್ಡನ್ನ ಪಟ್ಟಿಯಿಂದ ತೆಗೆಸಿಬಿಡಿ.

ನಾನು ನಿಮ್ಮ ಜಾಗದಲ್ಲಿ ಇದ್ದಿದ್ರೆ ಎರಡರಲ್ಲಿ ಒಂದು ಆರಿಸ್ತಿದ್ದೆ. ಒಂದು, ಎಎಂಡಿ ರೈಜನ್ 5 5600ಜಿ, ಇದು 2021ರದ್ದು, 6 ಕೋರ್ 12 ಥ್ರೆಡ್ (ಅಂದ್ರೆ ಲೆಕ್ಕ ಮಾಡೋ 6 ಘಟಕ, ಒಟ್ಟಿಗೆ 12 ಕೆಲಸದ ಸಾಲು), ಒಳಗೆ ವೇಗಾ ಗ್ರಾಫಿಕ್ಸ್ ಇದೆ, ಸೆಟ್ಟಿಂಗ್ ಕಮ್ಮಿ ಇಟ್ಕೊಂಡ್ರೆ ವ್ಯಾಲರಂಟ್ ತರದ ಗೇಮೂ ಆಡಬಹುದು. ಇನ್ನೊಂದು, ಎಫ್ ಇಲ್ಲದ ಐ3-12100, 2022ರದ್ದು, 4 ಕೋರ್ 8 ಥ್ರೆಡ್, ಗೇಮಿಗೆ ಅಷ್ಟಕ್ಕಷ್ಟೇ ಆದ್ರೆ ಜಾವಾ, ಪೈಥಾನ್, ಡೇಟಾಬೇಸ್, ಹತ್ತಿಪ್ಪತ್ತು ಟ್ಯಾಬ್ ತೆಗೆದಿಟ್ಟ ಬ್ರೌಸರ್, ಇಷ್ಟಕ್ಕೆಲ್ಲ ಧಾರಾಳ ಸಾಕು. ಇದರಲ್ಲಿ ಇನ್ನೊಂದು ಅನುಕೂಲ ಏನಂದ್ರೆ ಎಚ್610 ಮದರ್‌ಬೋರ್ಡ್ ಹಾಕಿದ್ರೆ ಮೂರು ನಾಲ್ಕು ವರ್ಷ ಬಿಟ್ಟು ಅದೇ ಬೋರ್ಡಿಗೆ ಸೆಕೆಂಡ್ ಹ್ಯಾಂಡ್ ಐ5-12400 ಅಥವಾ 13, 14ನೇ ಜನರೇಶನ್‌ದು ಕೂರಿಸಬಹುದು, ಅದಕ್ಕೆ ಬಯಾಸ್ (ಬೋರ್ಡಿನ ಒಳಗಿರೋ, ಕಂಪ್ಯೂಟರ್ ಶುರು ಮಾಡೋ ಸಾಫ್ಟ್‌ವೇರ್) ಅಪ್‌ಡೇಟ್ ಮಾಡ್ಬೇಕಾಗಬಹುದು ಅಷ್ಟೇ. 5600ಜಿ ಕೂರೋ ಎಎಂ4 ಸಾಕೆಟ್ ಅದರ ಕೊನೇ ಹಂತದಲ್ಲಿದೆ, ಹೊಸ ತಲೆಮಾರಿನ ರೈಜನ್‌ಗಳು 2022ರಿಂದ ಎಎಂ5 ಸಾಕೆಟ್ಟಿಗೆ ಹೋಗಿವೆ, ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. ಮಗಳು ಗೇಮ್ ಆಡ್ತಾಳೆ, ವಿಡಿಯೋ ಎಡಿಟ್ ಮಾಡ್ತಾಳೆ ಅಂದ್ರೆ 5600ಜಿ, ಬರೀ ಓದು ಕೋಡಿಂಗ್ ಅಂದ್ರೆ ಐ3. ಅಂಗಡಿಯಲ್ಲಿ ಐ3 ಅಂದ ತಕ್ಷಣ ಮುಖ ಬೇರೆ ಮಾಡ್ತಾರೆ, ನೀವು ಮನಸ್ಸು ಬದಲಾಯಿಸ್ಬೇಡಿ, ಈ ಐ3 ಬೇರೆ, ಹತ್ತು ವರ್ಷದ ಹಿಂದಿನ ಐ3 ಬೇರೆ.

ಕಾರ್ಡ್ ತೆಗೆದು ಉಳಿದ ದುಡ್ಡನ್ನ ರ‍್ಯಾಮಿಗೆ, ಎಸ್‌ಎಂಪಿಎಸ್‌ಗೆ ಹಾಕಿ. ರ‍್ಯಾಮ್ 8 ಜಿಬಿದು ಒಂದಲ್ಲ, ಎರಡು ತಗೊಳ್ಳಿ. ಒಳಗಿನ ಗ್ರಾಫಿಕ್ಸಿಗೆ ಅದರದ್ದೇ ಅಂತ ಮೆಮೊರಿ ಇರಲ್ಲ, ನಮ್ಮ ರ‍್ಯಾಮಿಂದಲೇ ಒಂದು ಪಾಲು ತಗೊಳ್ಳುತ್ತೆ, ರ‍್ಯಾಮ್ ಎಷ್ಟು ವೇಗವಾಗಿ ಕೊಡುತ್ತೋ ಅಷ್ಟೇ ವೇಗವಾಗಿ ಅದೂ ಓಡುತ್ತೆ. ಡಿಡಿಆರ್4 3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಕೊಟ್ರೆ ಎರಡು ಸ್ಟಿಕ್ ಜೋಡಿಯಾಗಿ ಹಾಕಿದಾಗ 51.2 ಜಿಬಿ. 5600ಜಿಯಲ್ಲಿ ಗೇಮ್ ಆಡುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಎಸ್‌ಎಸ್‌ಡಿ 500 ಜಿಬಿ ಎನ್‌ವಿಎಂಇ (ಮಾಮೂಲಿ ಸಾಟಾಗಿಂತ ವೇಗದ್ದು) ಹಾಕಿಸಿ. 256 ಜಿಬಿ ವಿಂಡೋಸ್, ಕಾಲೇಜಿನ ಸಾಫ್ಟ್‌ವೇರ್, ಮೊಬೈಲ್ ಫೋಟೋ ಅಂತ ಒಂದು ವರ್ಷದೊಳಗೆ ತುಂಬಿಹೋಗುತ್ತೆ. 24 ಇಂಚಿನ ಐಪಿಎಸ್ (ಪಕ್ಕದಿಂದ ನೋಡಿದ್ರೂ ಬಣ್ಣ ಅಷ್ಟಾಗಿ ಕೆಡದ) ಮಾನಿಟರ್ ತಗೊಳ್ಳಿ, ಮಗು ದಿನಾ ನೋಡೋದು ಅದನ್ನೇ ತಾನೇ, ಈ ಸಿಪಿಯು ಹೋಗಿ ಇನ್ನೊಂದು ಬಂದ್ರೂ ಮಾನಿಟರ್ ಅದೇ ಇರುತ್ತೆ. ಇಷ್ಟೆಲ್ಲ ಸೇರಿ 40 ಸಾವಿರ ದಾಟ್ತು ಅಂದ್ರೆ ಮನೇಲಿರೋ ಹಳೇ ಕೀಬೋರ್ಡ್ ಮೌಸ್ ಇಟ್ಕೊಳ್ಳಿ, ಗಾಜಿನ ಬಾಗಿಲು, ಬಣ್ಣದ ಫ್ಯಾನ್ ಇರೋ ಕ್ಯಾಬಿನೆಟ್ ಬಿಟ್ಟು ಮುಂದೆ ಜಾಲರಿ ಇರೋ ಸಾದಾ ಕ್ಯಾಬಿನೆಟ್ ತಗೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು ಅನ್ಸಿದ್ರೆ ಎರಡು ವರ್ಷ ಬಿಟ್ಟು ಹಾಕ್ಬಹುದು, ಮದರ್‌ಬೋರ್ಡಲ್ಲಿ ಅದರ ಜಾಗ ಹಂಗೇ ಕಾಯ್ತಾ ಇರುತ್ತೆ. ನಾನು ಯಾರು ಕೇಳಿದ್ರೂ ಹೇಳೋದು ಇದನ್ನೇ, ನಾಳೆ ಸೇರಿಸೋಕಾಗೋದನ್ನ ನಾಳೆಗೆ ಬಿಡಿ, ನಾಳೆ ಬದಲಾಯಿಸೋಕೆ ಎಲ್ಲಾ ಬಿಚ್ಚಬೇಕಾಗೋದಕ್ಕೆ ಇವತ್ತೇ ದುಡ್ಡು ಹಾಕಿ.

ಪ್ರಶ್ನೆ: ರ‍್ಯಾಮ್ ರೇಟು ಕೇಳಿ ತಲೆ ತಿರುಗ್ತು. 2025ರ ಶುರುವಲ್ಲಿ ಗೆಳೆಯ ತಗೊಂಡಿದ್ದಕ್ಕೂ ಈಗ ಹೇಳ್ತಿರೋದಕ್ಕೂ ತಾಳಮೇಳನೇ ಇಲ್ಲ. ಕಡಿಮೆ ಆಗೋವರೆಗೂ ಕಾಯ್ಲಾ?
– ಐಟಿಐ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅಂಗಡಿಯವರು ನಿಮಗೆ ಮೋಸ ಮಾಡ್ತಿಲ್ಲ, ರೇಟು ನಿಜವಾಗ್ಲೂ ಏರಿದೆ. ಪ್ರಪಂಚದ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಮಾಡೋದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನೋ ಮೂರೇ ಕಂಪನಿ. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಗೆ ಬೇಡಿಕೆ ಬಂದು ಅವರ ಫ್ಯಾಕ್ಟರಿಗಳು ಆ ಕಡೆ ತಿರುಗಿದ್ವು, ನಮ್ಮಂಥ ಮನೆ ಗಿರಾಕಿಗಳಿಗೆ ಉಳಿಯೋದು ಕಮ್ಮಿ ಆಯ್ತು, 2025ರ ಕೊನೇ ತಿಂಗಳುಗಳಲ್ಲಿ ಬೆಲೆ ಒಂದೇ ಸಮನೆ ಏರ್ತು. ಆ ಡಿಸೆಂಬರಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರನೇ ನಿಲ್ಲಿಸ್ತೀವಿ ಅಂತ ಹೇಳಿಬಿಡ್ತು, ನಮ್ಮಲ್ಲಿ ಎಷ್ಟೋ ಜನ ಕಣ್ಣು ಮುಚ್ಚಿ ತಗೊಳ್ತಿದ್ದ ಬ್ರ್ಯಾಂಡ್ ಅದು, ನನಗಂತೂ ಬೇಜಾರಾಯ್ತು.

ಕಂಪ್ಯೂಟರ್ ಇಲ್ಲದೇ ಕೆಲಸ ನಿಂತಿಲ್ಲ ಅಂದ್ರೆ ಕಾಯಿರಿ, ಓದಿಗೆ ಬೇಕೇಬೇಕು ಅಂದ್ರೆ ಕಾಯೋದ್ರಲ್ಲಿ ಅರ್ಥ ಇಲ್ಲ. ಸದ್ಯಕ್ಕೆ 8 ಜಿಬಿ ಒಂದು ಸ್ಟಿಕ್ ಹಾಕಿ ಕೆಲಸ ಶುರು ಮಾಡಿ, ಸ್ವಲ್ಪ ನಿಧಾನ ಆಗುತ್ತೆ ಸಹಿಸ್ಕೊಳ್ಳಿ, ಆಮೇಲೆ ಅದೇ ಸ್ಪೀಡಿನ ಇನ್ನೊಂದು ಸೇರಿಸಿ, ಆದಷ್ಟೂ ಅದೇ ಕಂಪನಿ ಅದೇ ಮಾಡೆಲ್. ಸೆಕೆಂಡ್ ಹ್ಯಾಂಡ್ ಡಿಡಿಆರ್4 ಸಿಕ್ಕಿದ್ರೂ ತಗೊಳ್ಳಬಹುದು, ರ‍್ಯಾಮಲ್ಲಿ ತಿರುಗೋದು ಸವೆಯೋದು ಏನೂ ಇಲ್ಲ, ಕೆಟ್ಟಿದ್ರೆ ಟೆಸ್ಟಲ್ಲಿ ಗೊತ್ತಾಗುತ್ತೆ. ಮೆಮ್‌ಟೆಸ್ಟ್86 ಅನ್ನೋದನ್ನ ಪೆನ್‌ಡ್ರೈವಿಗೆ ಹಾಕಿ ರಾತ್ರಿ ಪೂರ್ತಿ ಓಡಿಸಿ, ಒಂದೇ ಒಂದು ಎರರ್ ಬಂದ್ರೂ ವಾಪಸ್ ಕೊಡಿ, ವಾಪಸ್ ತಗೊಳ್ತೀನಿ ಅಂತ ಮೊದಲೇ ಮಾತಾಡ್ಕೊಂಡಿರಿ. ಡಿಡಿಆರ್5 ಬೋರ್ಡಿಗೆ ಡಿಡಿಆರ್4 ಸ್ಟಿಕ್ ಕೂರಲ್ಲ, ಕಚ್ಚು ಇರೋ ಜಾಗನೇ ಬೇರೆ. ಎಚ್610ರಲ್ಲಿ ಎರಡೂ ತರದ ಬೋರ್ಡ್ ಬರ್ತವೆ, ಹೆಸರು ಪೂರ್ತಿ ಓದಿ ತಗೊಳ್ಳಿ.

ಪ್ರಶ್ನೆ: ಆನ್‌ಲೈನಲ್ಲಿ ಐ5 ಕಂಪ್ಯೂಟರ್, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, ಮಾನಿಟರ್ ಎಲ್ಲ ಸೇರಿ 13 ಸಾವಿರಕ್ಕೆ ತೋರಿಸ್ತಿದೆ. ಹೊಸಾದು ಅಂತಲೇ ಬರೆದಿದಾರೆ. ತಗೊಳ್ಲಾ?
– ಕಿರಾಣಿ ಅಂಗಡಿಯವರು, ರಾಯಚೂರು

ಉತ್ತರ: ಬೇಡ. ಐ5 ಅನ್ನೋದು ಬರೀ ಮನೆತನದ ಹೆಸರು, ಅದು ಎಷ್ಟನೇ ತಲೆಮಾರಿಂದು ಅಂತ ಕೇಳ್ಬೇಕು. ಇಂಥ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಇರೋದು 2011-12ರ ಐ5, ಅಂದ್ರೆ ಐ5-2400, ಐ5-3470 ತರದ್ದು, ಅದನ್ನ ಎಚ್61 ಅನ್ನೋ ಹಳೇ ಚಿಪ್‌ಸೆಟ್ಟಿನ, ಹೆಸರು ಕೇಳದ ಕಂಪನಿಯ ಬೋರ್ಡ್ ಮೇಲೆ ಕೂರಿಸಿ ಹೊಸಾ ಕ್ಯಾಬಿನೆಟ್ಟಲ್ಲಿ ಹಾಕಿರ್ತಾರೆ. ಕ್ಯಾಬಿನೆಟ್ ಮಾತ್ರ ಹೊಸದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಬೇಕಂದ್ರೆ ಇಂಟೆಲ್‌ನಲ್ಲಿ 8ನೇ ಜನರೇಶನ್ ಅಥವಾ ಮೇಲಿಂದು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಇರ್ಬೇಕು, ಹಾಗಾಗಿ ಆ ಸೆಟ್ಟು ಬಿಲ್ಲಿಂಗ್ ಕೆಲಸಕ್ಕೂ ನೆಮ್ಮದಿ ಕೊಡಲ್ಲ.

ಕಮ್ಮಿ ದುಡ್ಡಲ್ಲೇ ಆಗ್ಬೇಕು ಅಂದ್ರೆ ಇನ್ನೊಂದು ದಾರಿ ಇದೆ. ಬೆಂಗಳೂರಿನ ದೊಡ್ಡ ಕಂಪನಿಗಳು ನಾಲ್ಕೈದು ವರ್ಷಕ್ಕೆ ಕಂಪ್ಯೂಟರ್ ಬದಲಾಯಿಸ್ತವೆ, ಆ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ, ಲೆನೊವೊ ಥಿಂಕ್‌ಸೆಂಟರ್‌ಗಳು ರಿಫರ್ಬಿಶ್ಡ್ ಅಂತ ಮಾರಾಟಕ್ಕೆ ಬರ್ತವೆ. ಅದರಲ್ಲಿ ಐ5-8500 ಅಥವಾ ಅದಕ್ಕಿಂತ ಹೊಸದು ನೋಡಿ, 6 ಕೋರ್ ಇದೆ, ವಿಂಡೋಸ್ 11 ನಡೆಯುತ್ತೆ. ಅಂಗಡಿ ಲೆಕ್ಕ ಬರೆಯೋಕೆ ಅದು ಬೇಕಾದಷ್ಟಾಯ್ತು. ಆದ್ರೆ ಅವುಗಳ ಎಸ್‌ಎಂಪಿಎಸ್, ಮದರ್‌ಬೋರ್ಡ್ ಕನೆಕ್ಟರ್ ಬಹಳ ಸಲ ಆ ಕಂಪನಿಯದ್ದೇ ಅಳತೆ, ಹೊರಗಿನ ಮಾಮೂಲಿ ಪಾರ್ಟ್ ಕೂರಲ್ಲ, ಮುಂದೆ ಬೆಳೆಸ್ಕೊಂಡು ಹೋಗೋ ಆಸೆ ಇರೋರಿಗೆ ಇದು ಆಗಿಬರಲ್ಲ.

ಪ್ರಶ್ನೆ: ಎಸ್‌ಎಂಪಿಎಸ್‌ಗೆ ಯಾಕೆ ಅಷ್ಟು ದುಡ್ಡು? ಕ್ಯಾಬಿನೆಟ್ ಜೊತೆ 450 ವಾಟ್ ಅಂತ ಬರೆದಿರೋದೇ ಬರುತ್ತಲ್ಲ, ಕರೆಂಟ್ ಕೊಡೋ ಡಬ್ಬಿ ತಾನೇ ಅದು?
– ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು

ಉತ್ತರ: ನಾನೂ ಹಿಂಗೇ ಅನ್ಕೊಂಡಿದ್ದೆ. ನನ್ನ ಮೊದಲನೇ ಕಂಪ್ಯೂಟರಿಗೆ ಒಳ್ಳೇ ಪ್ರೊಸೆಸರ್ ಹಾಕಿ, ಉಳಿಸೋಣ ಅಂತ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ಸೇ ಇಟ್ಕೊಂಡೆ. ಒಂದೂವರೆ ವರ್ಷ ಚೆನ್ನಾಗೇ ಇತ್ತು. ಒಂದು ಸಂಜೆ ಕರೆಂಟ್ ಹೋಗಿ ಬಂತು, ಟಪ್ ಅಂತ ಸದ್ದು, ಸುಟ್ಟ ವಾಸನೆ, ಎಸ್‌ಎಂಪಿಎಸ್ ಹೋಗಿದ್ದಲ್ದೇ ಜೊತೇಲಿ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ತಗೊಂಡು ಹೋಯ್ತು. ಆ ಡಿಸ್ಕಲ್ಲಿ ತಂಗಿ ಮದುವೆ ಫೋಟೋಗಳಿದ್ವು, ಬೇರೆ ಕಾಪಿ ಇರಲಿಲ್ಲ. ಅಮ್ಮ ಈಗಲೂ ಅದನ್ನ ನೆನೆಸ್ಕೊಳ್ತಾರೆ, ನನಗೆ ಉತ್ತರ ಕೊಡೋಕಾಗಲ್ಲ. ಅದಕ್ಕೇ ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗಲ್ಲ.

ಪಕ್ಕದಲ್ಲಿ ಅಂಟಿಸಿರೋ ಲೇಬಲ್ ಓದೋದು ಕಲೀರಿ. ಇವತ್ತಿನ ಕಂಪ್ಯೂಟರಲ್ಲಿ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಕರೆಂಟ್ ಎಳೆಯೋದು 12 ವೋಲ್ಟ್ ಲೈನಿಂದ. ಲೇಬಲ್ಲಲ್ಲಿ 12 ವೋಲ್ಟ್ ಎದುರಿಗೆ ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. 14 ಆಂಪಿಯರ್ ಇದ್ರೆ 168 ವಾಟ್, ಡಬ್ಬದ ಮೇಲೆ 450 ಅಂತ ಎಷ್ಟೇ ದಪ್ಪ ಅಕ್ಷರದಲ್ಲಿ ಬರೆದಿದ್ರೂ ನಿಮಗೆ ಕೆಲಸಕ್ಕೆ ಬರೋದು ಅಷ್ಟೇ. ನಿಜವಾದ 450 ವಾಟಿಂದಾದ್ರೆ 36, 37 ಆಂಪಿಯರ್ ಹತ್ರ ಇರುತ್ತೆ. 80 ಪ್ಲಸ್ ಬ್ರಾಂಜ್ ಗುರುತು ಇದ್ರೆ ಅರ್ಧ ಲೋಡಲ್ಲಿ ನೂರಕ್ಕೆ 85ರಷ್ಟು ಕರೆಂಟ್ ಕೆಲಸಕ್ಕೆ ಬರುತ್ತೆ, ಉಳಿದಿದ್ದು ಬಿಸಿಯಾಗಿ ಹೋಗುತ್ತೆ. ಆದ್ರೆ ಆ ಗುರುತು ಹೇಳೋದು ಉಳಿತಾಯದ ಬಗ್ಗೆ, ಸುರಕ್ಷತೆ ಬಗ್ಗೆ ಅಲ್ಲ, ಅದಕ್ಕೆ ಓವರ್ ವೋಲ್ಟೇಜ್, ಶಾರ್ಟ್ ಸರ್ಕ್ಯೂಟ್ ಪ್ರೊಟೆಕ್ಷನ್ ಇದೆ ಅಂತ ಬರೆದಿರೋ, 3 ಅಥವಾ 5 ವರ್ಷ ವಾರಂಟಿ ಕೊಡೋ ಕಂಪನಿದು ತಗೊಳ್ಳಿ. ಕಾರ್ಡ್ ಇಲ್ಲದ 5600ಜಿ ಸಿಸ್ಟಮ್ ಪೂರ್ತಿ ದುಡಿದಾಗ್ಲೂ ಎಳೆಯೋದು ನೂರು ನೂರಿಪ್ಪತ್ತು ವಾಟ್ ಆಸುಪಾಸು, ಹಾಗಾಗಿ 450ರಿಂದ 550 ವಾಟಿನ ಒಳ್ಳೇದೊಂದು ಇದ್ರೆ ನಾಳೆ ಒಂದು ಮಧ್ಯಮ ಗ್ರಾಫಿಕ್ಸ್ ಕಾರ್ಡಿಗೂ ಅದೇ ಸಾಕು. ಮತ್ತೆ ಫೋಟೋಗಳನ್ನ ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿಡಿ.

ಪ್ರಶ್ನೆ: ನಮ್ಮದು ಹಳ್ಳಿ, ತೋಟದ ಮನೆ. ವೋಲ್ಟೇಜ್ ಏರುಪೇರು, ಮಳೆಗಾಲಕ್ಕೆ ಮುಂಚೆ ಸಿಡಿಲು ಬೇರೆ. ಮನೆಗೆ ಇನ್ವರ್ಟರ್ ಇದೆ, ಕಂಪ್ಯೂಟರಿಗೆ ಬೇರೆ ಯುಪಿಎಸ್ ಬೇಕಾ ಸರ್?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಇನ್ವರ್ಟರ್ ಸೈನ್ ವೇವ್ (ಲೈನ್ ಕರೆಂಟ್ ತರಾನೇ ನಯವಾದ ಕರೆಂಟ್ ಕೊಡೋದು) ಆಗಿದ್ರೆ ಬೇರೆ ಯುಪಿಎಸ್ ಇಲ್ಲದೇನೂ ನಡೆಸಬಹುದು. ಬಹಳ ಇನ್ವರ್ಟರಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ, ಎಷ್ಟೋ ಮನೇಲಿ ಅದನ್ನ ಯಾರೂ ಮುಟ್ಟಿರಲ್ಲ, ಅದನ್ನ ಆ ಕಡೆ ಹಾಕಿ. ಎಸ್‌ಎಂಪಿಎಸ್ ಒಳಗಿರೋ ಕೆಪಾಸಿಟರ್ ಕರೆಂಟ್ ಇಲ್ಲದೇ ತಡ್ಕೊಳ್ಳೋದು ಪೂರ್ತಿ ಲೋಡಲ್ಲಿ ಸುಮಾರು 16 ಮಿಲಿಸೆಕೆಂಡ್, ಇನ್ವರ್ಟರ್ ಅಷ್ಟರೊಳಗೆ ಬದಲಾದ್ರೆ ಕಂಪ್ಯೂಟರಿಗೆ ಗೊತ್ತೇ ಆಗಲ್ಲ, ಮಾಮೂಲಿ ಮೋಡಲ್ಲಿ ಇದ್ರೆ ಇನ್ನೂ ತಡ ಆಗಿ ರೀಸ್ಟಾರ್ಟ್ ಆಗಿಬಿಡಬಹುದು. ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರೆ ಕಂಪ್ಯೂಟರ್ ಹಾಕ್ಬೇಡಿ, 600 ವಿಎ ಯುಪಿಎಸ್ ಒಂದು ತಗೊಳ್ಳಿ, ಅದರಲ್ಲಿ ಸಿಗೋದು ಸುಮಾರು 360 ವಾಟ್, ಫೈಲ್ ಸೇವ್ ಮಾಡಿ ಆಫ್ ಮಾಡೋಕೆ ಅಷ್ಟು ಹೊತ್ತು ಸಿಕ್ಕಿದ್ರೆ ಸಾಕಲ್ಲ.

ತ್ರೀ ಫೇಸ್ ಕೊಟ್ಟಾಗ ಊರಿನ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಶುರುವಾಗಿ ವೋಲ್ಟೇಜ್ ಬಿದ್ದುಹೋಗುತ್ತೆ ಅಲ್ವಾ, ಅದಕ್ಕೆ ಎಸ್‌ಎಂಪಿಎಸ್ ಲೇಬಲ್ಲಲ್ಲಿ ಇನ್‌ಪುಟ್ 100-240 ವೋಲ್ಟ್ ಅಂತ ಇರೋದನ್ನೇ ಆರಿಸಿ, ಅಗ್ಗದ್ದರಲ್ಲಿ 200-240 ಅಂತ ಇರುತ್ತೆ, ಅದು 170ಕ್ಕೆ ಇಳಿದ್ರೆ ಒದ್ದಾಡುತ್ತೆ. ಅರ್ಥಿಂಗ್ ಸರಿ ಇದೆಯಾ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ, ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದ್ರೆ ಅರ್ಥಿಂಗ್ ಇಲ್ಲ ಅಂತಲೇ ಅರ್ಥ, ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ನಡೆಸ್ಬೇಡಿ. ಸಿಡಿಲಿಗೆ ಯಾವ ಸ್ಟೆಬಿಲೈಜರೂ ಭರವಸೆ ಅಲ್ಲ. ಗುಡುಗು ಶುರುವಾಗೋ ಮುಂಚೆನೇ ಪ್ಲಗ್ ಕಿತ್ತಿಡಿ, ಇಂಟರ್‌ನೆಟ್ಟಿನ ಲ್ಯಾನ್ ಕೇಬಲ್ಲನ್ನೂ ಕೀಳಿ, ಅದರ ಮೂಲಕ ಬಂದು ಬೋರ್ಡ್ ಸುಟ್ಟಿರೋದು ನಾನು ನೋಡಿದೀನಿ. ಹಿಂದುಗಡೆ ಕಾರ್ಡ್ ಇಲ್ಲದ ಕಿಂಡಿಗಳನ್ನ ಮುಚ್ಚಿ, ಇಲ್ದಿದ್ರೆ ಒಳಗಿನ ಬೆಚ್ಚಗಿನ ಜಾಗಕ್ಕೆ ಇರುವೆ ಹಲ್ಲಿ ಸೇರ್ಕೊಳ್ತವೆ.

ಪ್ರಶ್ನೆ: ಡಿಟಿಪಿ ಕೆಲಸ ನಮ್ಮದು. ನುಡಿ, ಪೇಜ್‌ಮೇಕರ್, ಕೋರೆಲ್‌ಡ್ರಾ ಇಷ್ಟೇ. ಲಗ್ನಪತ್ರಿಕೆ, ಬ್ಯಾನರ್. 16 ಕೋರ್ ಪ್ರೊಸೆಸರ್ ಬೇಕು ಅಂತಾರೆ.
– ಪ್ರಿಂಟಿಂಗ್ ಪ್ರೆಸ್ಸಿನವರು, ದಾವಣಗೆರೆ

ಉತ್ತರ: ಬೇಡ ಮೇಡಂ. ಈ ಸಾಫ್ಟ್‌ವೇರ್‌ಗಳು ಒಂದು ಹೊತ್ತಿಗೆ ಒಂದೆರಡು ಕೋರನ್ನೇ ಹೆಚ್ಚಾಗಿ ದುಡಿಸ್ಕೊಳ್ಳೋದು, ಒಂದೊಂದು ಕೋರ್ ಎಷ್ಟು ಚುರುಕು ಅನ್ನೋದೇ ಮುಖ್ಯ, ಐ5-12400 ಧಾರಾಳ ಆಯ್ತು. ಉಳಿದ ದುಡ್ಡಲ್ಲಿ ದೊಡ್ಡ ಬ್ಯಾನರ್ ಫೈಲಿಗೆ 16 ಜಿಬಿ ರ‍್ಯಾಮ್ ಹಾಕಿಸಿ, ಬಣ್ಣ ಸರಿಯಾಗಿ ತೋರಿಸೋ ಐಪಿಎಸ್ ಮಾನಿಟರ್ ತಗೊಳ್ಳಿ. ಪೇಜ್‌ಮೇಕರ್ ಅಡೋಬಿ ಕೈಬಿಟ್ಟು ವರ್ಷಗಳೇ ಆದ್ವು, ಹೊಸ ವಿಂಡೋಸಲ್ಲಿ ಅದು ನಿಮ್ಮ ಕೆಲಸಕ್ಕೆ ಸರಿಯಾಗಿ ಓಡುತ್ತಾ ಅಂತ ನೋಡೋವರೆಗೂ ಹಳೇ ಕಂಪ್ಯೂಟರ್ ಮಾರ್ಬೇಡಿ.

ಪ್ರಶ್ನೆ: ಎಸ್‌ಪಿ ರೋಡಿಗೆ ಹೋಗೋದಾ, ಆನ್‌ಲೈನಲ್ಲಿ ತರಿಸೋದಾ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಎರಡೂ. ಮನೇಲಿ ಕೂತು ಆನ್‌ಲೈನ್ ರೇಟೆಲ್ಲ ಬರ್ಕೊಳ್ಳಿ, ಆಮೇಲೆ ಎಸ್‌ಪಿ ರೋಡಿಗೆ, ಅಂದ್ರೆ ಟೌನ್‌ಹಾಲ್ ಹತ್ರದ ಸಾದರ ಪತ್ರಪ್ಪ ರಸ್ತೆಗೆ ಹೋಗಿ, ಭಾನುವಾರ ಬಿಟ್ಟು, ನಾಲ್ಕು ಅಂಗಡಿ ಸುತ್ತಿ. ಬಿಲ್ ಇಲ್ಲದೇ ಆದ್ರೆ ಕಮ್ಮಿಗೆ ಕೊಡ್ತೀವಿ ಅಂದ್ರೆ ಒಪ್ಕೋಬೇಡಿ, ಜಿಎಸ್‌ಟಿ 18 ಪರ್ಸೆಂಟ್ ಕೊಟ್ಟು ಸೀರಿಯಲ್ ನಂಬರ್ ಬರೆಸಿರೋ ಬಿಲ್ ತಗೊಳ್ಳಿ, ನಾಳೆ ವಾರಂಟಿಗೆ ಹೋದಾಗ ಕೇಳೋದು ಅದನ್ನೇ. ಪ್ರೊಸೆಸರ್ ಟ್ರೇದು (ಡಬ್ಬ ಇಲ್ಲದೇ ಬಿಡಿಯಾಗಿ ಮಾರೋದು) ಬೇಡ, ಸೀಲ್ ಇರೋ ಡಬ್ಬದ್ದು ಕೇಳಿ, 5600ಜಿ, 12100 ಎರಡರ ಡಬ್ಬದಲ್ಲೂ ಕೂಲರ್ ಬರುತ್ತೆ, ಬೇರೆ ಕೂಲರ್ ತಗೊಳ್ಳೋ ಖರ್ಚು ಉಳಿಯುತ್ತೆ.

ಪ್ರಶ್ನೆ: ಪಾರ್ಟೆಲ್ಲ ಬಂದಿದೆ, ಕೈ ಹಚ್ಚೋಕೆ ಭಯ. ಅಪ್ಪನ ದುಡ್ಡು, ಏನಾದ್ರೂ ಸುಟ್ಟುಹೋದ್ರೆ?
– ಪಿಯುಸಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ಭಯ ಸಹಜ ಕಣಮ್ಮ, ಆದ್ರೆ ಇಲ್ಲಿ ಪ್ರತಿ ಕನೆಕ್ಟರಿಗೂ ಅದರದ್ದೇ ಆಕಾರ ಇದೆ, ತಪ್ಪಾದ ಕಡೆ ಒತ್ತಿ ತುರುಕದೇ ಇದ್ರೆ ಸುಡೋ ಅವಕಾಶ ಬಹಳ ಕಮ್ಮಿ. ನಿಜವಾಗ್ಲೂ ಜೋಪಾನ ಮಾಡ್ಬೇಕಾಗಿರೋದು ಪ್ರೊಸೆಸರ್ ಕೂರಿಸುವಾಗ. ಎಎಂ4ನಲ್ಲಿ ಪಿನ್ ಇರೋದು ಪ್ರೊಸೆಸರ್ ಕೆಳಗೆ, ಇಂಟೆಲ್‌ನಲ್ಲಿ ಬೋರ್ಡಿನ ಸಾಕೆಟ್ ಒಳಗೆ, ಕೂದಲಿನಷ್ಟು ಸಣ್ಣ, ಬಗ್ಗಿದ್ರೆ ವಾರಂಟಿ ಸಿಗೋದು ಕಷ್ಟ. ಮೂಲೇಲಿರೋ ತ್ರಿಕೋನ ಗುರುತು ಎರಡೂ ಕಡೆ ಹೊಂದಿಸಿ ಸುಮ್ನೆ ಇಡು, ಒತ್ತಬೇಡ, ತಾನೇ ಕೂರುತ್ತೆ, ಆಮೇಲೆ ಲಿವರ್ ಹಾಕು. ಕೂಲರಿಗೆ ಪೇಸ್ಟ್ ಮೊದಲೇ ಹಚ್ಚಿರುತ್ತೆ, ಬೆರಳು ತಾಗಿಸ್ಬೇಡ. ರ‍್ಯಾಮ್ ಮಾತ್ರ ಕ್ಲಿಕ್ ಅನ್ನೋವರೆಗೂ ಗಟ್ಟಿಯಾಗಿ ಒತ್ಬೇಕು. ನಾಲ್ಕು ಸ್ಲಾಟಿನ ಬೋರ್ಡಾದ್ರೆ ಪ್ರೊಸೆಸರ್ ಕಡೆಯಿಂದ ಎರಡನೇದು, ನಾಲ್ಕನೇದು. ಬೋರ್ಡನ್ನ ಕ್ಯಾಬಿನೆಟ್ಟಿಗೆ ಹಾಕೋ ಮುಂಚೆ ಅದು ಬಂದ ರಟ್ಟಿನ ಡಬ್ಬದ ಮೇಲೇ ಇಟ್ಟು, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಹಾಕಿ, 24 ಪಿನ್ ಕೇಬಲ್ಲೂ ಮೇಲುಗಡೆಯ 8 ಪಿನ್ ಕೇಬಲ್ಲೂ ಸಿಕ್ಕಿಸಿ, ಪವರ್ ಸ್ವಿಚ್ಚಿನ ಎರಡು ಪಿನ್ನನ್ನ ಸ್ಕ್ರೂ ಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸು, ಅವು ಯಾವ ಪಿನ್ ಅಂತ ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತೆ. ಫ್ಯಾನ್ ತಿರುಗಿ ಮಾನಿಟರ್ ಮೇಲೆ ಬಯಾಸ್ ಬಂದ್ರೆ ಎಲ್ಲಾ ಸರಿ ಇದೆ.

ಫ್ಯಾನ್ ತಿರುಗಿ ಚಿತ್ರ ಬರಲಿಲ್ಲ ಅಂದ್ರೆ ಗಾಬರಿ ಬೇಡ. ಸ್ವಿಚ್ ಆಫ್ ಮಾಡಿ ರ‍್ಯಾಮ್ ತೆಗೆದು ಮತ್ತೆ ಒತ್ತಿ ಕೂರಿಸು, ಆ 8 ಪಿನ್ ಕೇಬಲ್ ಮರೆತಿದೀಯಾ ನೋಡು, ಮೊದಲನೇ ಸಲ ನನಗೂ ಬಿಟ್ಟುಹೋಗಿದ್ದು ಅದೇ. ಹೊಸ ರ‍್ಯಾಮನ್ನ ಗುರುತಿಸೋಕೆ ಕೆಲವು ಬೋರ್ಡಿಗೆ ಒಂದೆರಡು ನಿಮಿಷ ಬೇಕು, ಡಿಡಿಆರ್5 ಆದ್ರಂತೂ ಇನ್ನೂ ಜಾಸ್ತಿ, ಅಷ್ಟು ಹೊತ್ತು ಏನೂ ಮುಟ್ಟದೇ ಕೂತಿರು. ಚಿತ್ರ ಬಂದ ಮೇಲೆ ಬಯಾಸಲ್ಲಿ ರ‍್ಯಾಮ್ ಸ್ಪೀಡ್ 3200 ತೋರಿಸ್ತಿದೆಯಾ ನೋಡು, 2133 ಅಥವಾ 2666 ಇದ್ರೆ ಎಕ್ಸ್‌ಎಂಪಿ ಅನ್ನೋದನ್ನ ಆನ್ ಮಾಡಿ ಸೇವ್ ಮಾಡು.